ರಾಜಮತಿ ಸಹಿ ಹಾಕದ ಪರೀಕ್ಷೆ

ಮೂಡುಬಿದಿರೆಯ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ರಾಜಮತಿ ಇಪ್ಪತ್ತೆರಡು ವರ್ಷಗಳಿಂದ ಇನ್‌ಸ್ಟ್ರಕ್ಟರ್. ಕೆಲಸ ಅಚ್ಚುಕಟ್ಟು, ಮಾತು ಒರಟು. ಹೊಸದಾಗಿ ಬಂದ ಅಧ್ಯಾಪಕ ಉಜ್ವಲ್‌ಗೂ ಅವಳಿಗೂ ಮೊದಲ ವಾರದಿಂದಲೇ ಆಗಿಬರಲಿಲ್ಲ.

ಉಜ್ವಲ್ ಕ್ರಿಪ್ಟೋ ನಾಣ್ಯದ ಬಗ್ಗೆ ಪ್ರಬಂಧ ಬರೆಯುತ್ತಿದ್ದ. ಅಂಥ ನಾಣ್ಯದ ವಹಿವಾಟುಗಳು ಬ್ಲಾಕ್ ಎಂಬ ಕಟ್ಟುಗಳಾಗಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹೋಗುತ್ತವೆ. ಅವನ್ನು ಪರಿಶೀಲಿಸಿ ಸರಪಳಿಯಂತೆ ಒಂದರ ಮೇಲೊಂದು ಇಟ್ಟುಕೊಳ್ಳುವ, ಹೊಸ ಬ್ಲಾಕನ್ನೂ ಕಟ್ಟುವ ಕಂಪ್ಯೂಟರೇ ನೋಡ್. ಬ್ಲಾಕ್ ಎಷ್ಟು ದೊಡ್ಡದಾದರೂ ತೊಂದರೆಯಿಲ್ಲ ಎಂಬುದು ಅವನ ವಾದ. ಅದಕ್ಕಾಗಿ ಎಂಟು ಕಂಪ್ಯೂಟರುಗಳಲ್ಲಿ ನೋಡ್ ಹಾಕಿ, ಬ್ಲಾಕಿನ ಮಿತಿಯನ್ನು ಒಂದು ಎಂಬಿಯಿಂದ ಮೂವತ್ತೆರಡಕ್ಕೆ ಏರಿಸಿ, ಸುಳ್ಳು ವಹಿವಾಟು ತುಂಬಿಸುವ ಕೆಲಸ ರಾಜಮತಿಗೆ ಬಿತ್ತು. ಬ್ಲಾಕುಗಳು ಕ್ಷಣದಲ್ಲಿ ತಲುಪಿದವು.

"ಎಲ್ಲ ಒಂದೇ ಕೋಣೆಯಲ್ಲಿ ಉಂಟಲ್ಲ ಸರ್. ಹೊರಗೆ ಹೀಗೆ ಹೋಗ್ಲಿಕ್ಕಿಲ್ಲ," ಎಂದಳು.

"ನಿಮ್ಮ ಅಭಿಪ್ರಾಯ ನಾನು ಕೇಳಿದ್ದೇನಾ? ಕೇಬಲ್ ಹಾಕಿ ಆಯ್ತಲ್ಲ, ಸಾಕು."

ವಿದ್ಯಾರ್ಥಿಗಳು ನಕ್ಕರು. ಶನಿವಾರ ರಾಜಮತಿ ಸ್ಟೋರಿನ ಪುಸ್ತಕದಲ್ಲಿ ಬರೆದಿಟ್ಟು ಎರಡು ಹಳೆಯ ಕಂಪ್ಯೂಟರ್ ಒಯ್ದಳು. ಒಂದನ್ನು ಬಂಟ್ವಾಳದ ತಂಗಿಯ ಮನೆಯಲ್ಲಿ, ಇನ್ನೊಂದನ್ನು ಘಟ್ಟದ ಬುಡದ ಚಾರ್ಮಾಡಿಯ ಅಣ್ಣನ ಅಂಗಡಿಯಲ್ಲಿ ಇಟ್ಟು, ಲ್ಯಾಬಿನ ಜಾಲಕ್ಕೆ ಸೇರಿಸಿದಳು.

ಸಣ್ಣ ಬ್ಲಾಕುಗಳು ಸರಿಯಾಗಿಯೇ ತಲುಪಿದವು. ಮೂವತ್ತೆರಡು ಎಂಬಿಯದ್ದು ಚಾರ್ಮಾಡಿ ಮುಟ್ಟಲು ನಿಮಿಷಗಟ್ಟಲೆ ಹಿಡಿಯಿತು. ಅಷ್ಟರೊಳಗೆ ಅಲ್ಲಿನ ನೋಡ್ ಹಳೆಯ ಬ್ಲಾಕಿನ ಮೇಲೆಯೇ ತನ್ನದೊಂದನ್ನು ಕಟ್ಟಿಬಿಡುತ್ತಿತ್ತು. ಸರಪಳಿ ಎರಡಾಗಿ ಕವಲೊಡೆದು, ಚಾರ್ಮಾಡಿಯ ಬ್ಲಾಕ್ ವ್ಯರ್ಥವಾಗುತ್ತಿತ್ತು. ಒಂದೇ ದಿನದಲ್ಲಿ ಏಳು ಸಲ ಹೀಗಾಯಿತು.

ಉಜ್ವಲ್ ಫಲಿತಾಂಶ ನೋಡಿ ಕೆಂಡವಾದ. "ಚಾರ್ಮಾಡಿಯ ಇಂಟರ್ನೆಟ್ ಲೈನ್ ಸರಿಯಿಲ್ಲದ್ದಕ್ಕೆ ನನ್ನ ಪ್ರಬಂಧ ತಪ್ಪಾ?"

"ಅಂಥ ಲೈನಲ್ಲೂ ಜನ ಇದ್ದಾರೆ ಸರ್."

ಪರೀಕ್ಷೆ ಎಲ್ಲ ಕಡೆ ಯಶಸ್ವಿ ಎಂದು ಬರೆದಿದ್ದ ದಾಖಲೆಯನ್ನು ಅವನು ಅವಳತ್ತ ತಳ್ಳಿದ. "ಸಹಿ ಹಾಕಿ."

"ಹಾಕುವುದಿಲ್ಲ."

"ಹಾಗಾದ್ರೆ ಈ ಲ್ಯಾಬಲ್ಲಿ ನೀವು ಇರ್ಲಿಕ್ಕಿಲ್ಲ."

"ಬೇಡ, ಇರುವುದಿಲ್ಲ."

ಉಜ್ವಲ್ ಪ್ರಾಂಶುಪಾಲರಿಗೆ ದೂರು ಕೊಟ್ಟ. ಅವರು ಚಾರ್ಮಾಡಿಯ ಫಲಿತಾಂಶ ನೋಡಿ ಪ್ರಬಂಧವನ್ನು ತಡೆಹಿಡಿದರು. ಪುಸ್ತಕದಲ್ಲಿ ಬರೆದಿಟ್ಟರೂ ಅನುಮತಿ ಕೇಳದೆ ಕಂಪ್ಯೂಟರ್ ಒಯ್ದದ್ದಕ್ಕೆ ರಾಜಮತಿಯನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು. ಇಪ್ಪತ್ತೆರಡು ವರ್ಷದ ಲ್ಯಾಬಿನ ಬೀಗದ ಕೈಯನ್ನು ಅವಳು ಉಜ್ವಲನ ಮೇಜಿನ ಮೇಲೆ ಎಸೆದು ಬಂದಳು.

ಆರು ತಿಂಗಳ ಬಳಿಕ ತಿದ್ದಿದ ಪ್ರಬಂಧ ಸಂಶೋಧನಾ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಅದರಲ್ಲಿ ಚಾರ್ಮಾಡಿಯ ಅಂಕಿಗಳೆಲ್ಲ ಇದ್ದವು, ಅವಳ ಹೆಸರಿರಲಿಲ್ಲ. ರಾಜಮತಿ ನೇರ ಅವನ ಕೋಣೆಗೆ ಹೋದಳು.

"ಚಾರ್ಮಾಡಿಗೆ ನೀವು ಯಾವಾಗ ಹೋಗಿದ್ರಿ ಸರ್?"

"ಕೆಲಸ ಉಂಟು, ಆಮೇಲೆ ಬನ್ನಿ."

ಅವಳು ಆಮೇಲೆ ಹೋಗಲಿಲ್ಲ. ಸ್ಟೋರಿನ ಪುಸ್ತಕದ ಪ್ರತಿ ಲಗತ್ತಿಸಿ ಪತ್ರಿಕೆಯ ಸಂಪಾದಕರಿಗೇ ಬರೆದಳು. ಎರಡು ತಿಂಗಳಲ್ಲಿ ತಿದ್ದುಪಡಿ ಬಂತು. ಲೇಖಕರ ಸಾಲಿನಲ್ಲಿ ಉಜ್ವಲನ ಪಕ್ಕ ಅವಳ ಹೆಸರು ಸೇರಿತು. ಯಾರೋ ಕ್ಯಾಂಟೀನಿನಲ್ಲಿ ಅಭಿನಂದಿಸಲು ಬಂದರು. ಆಚೆ ಮೇಜಿನಲ್ಲಿ ಉಜ್ವಲ್ ತಟ್ಟೆ ಬಿಟ್ಟು ಎದ್ದು ಹೋದ. ರಾಜಮತಿ ತಿರುಗಿಯೂ ನೋಡದೆ ಊಟ ಮುಗಿಸಿದಳು.