ಆಮೆಮರಿಗಳ ಡಾಕ್ಟರಮ್ಮ

ಅವರ ಎಡ ಮುಂಗೈಯ ಒಳಭಾಗದಲ್ಲಿ ದೋಸೆಯ ತಳದಂಥ ಕಂದು ಕಲೆಯೊಂದಿತ್ತು. ಅದು ಒಂದೇ ಸಲ ಸುಟ್ಟ ಗಾಯವಲ್ಲ. ಪ್ರತಿದಿನ ಬೆಳಿಗ್ಗೆ ಆಮೆಮರಿಗಳ ಪೆಟ್ಟಿಗೆಯಲ್ಲಿ ಬಲ್ಬಿನ ಕೆಳಗಿಟ್ಟ ಚಪ್ಪಟೆ ಕಲ್ಲಿನ ಮೇಲೆ ಅವರು ಆ ಜಾಗವನ್ನೇ ಒತ್ತಿ ಹಿಡಿಯುತ್ತಿದ್ದರು. ಕಲ್ಲಿನ ಬಿಸಿಯನ್ನು ಕೈ ತಡೆದರೆ ಮರಿಯೂ ತಡೆಯುತ್ತದೆ. ತಡೆಯದಿದ್ದರೆ ಬಲ್ಬಿನ ಸರಪಳಿಯನ್ನು ಒಂದು ಕೊಂಡಿ ಮೇಲಕ್ಕೆ ಎತ್ತಬೇಕು. ಥರ್ಮಾಮೀಟರ್ ಪಕ್ಕದಲ್ಲೇ ನೇತಾಡುತ್ತಿತ್ತು.

“ಥರ್ಮಾಮೀಟರ್‌ಗೆ ಚರ್ಮ ಇಲ್ಲ, ಸಿಸ್ಟರ್,” ಅನ್ನುತ್ತಿದ್ದರು.

ಸಿಸ್ಟರ್ ಅಂದರೆ ನಾನು. ಶಿವಾಜಿನಗರದ ಕಡೆಯ ಆಸ್ಪತ್ರೆಯೊಂದರಲ್ಲಿ ನರ್ಸಾಗಿ ಸೇರಿ, ವಾರ್ಡು ನೋಡಿಕೊಳ್ಳುವವಳಾಗಿ ನಿವೃತ್ತಳಾದೆ. ಈಗಲೂ ಐದಕ್ಕೆ ಎದ್ದು, ಹಾಸಿಗೆ ಬಟ್ಟೆಯ ಮೂಲೆಗಳನ್ನು ಬಿಗಿಯಾಗಿ ಸಿಕ್ಕಿಸದೆ ಕಾಫಿ ಮುಟ್ಟುವುದಿಲ್ಲ. ಕಗ್ಗದಾಸಪುರದಲ್ಲಿ ನಾನು ಮನೆ ಮಾಡಿದಾಗ ಮೇಲಿನ ಮಹಡಿಯಲ್ಲಿ ನಿವೃತ್ತ ಪಶುವೈದ್ಯೆಯೊಬ್ಬರು ಒಂಟಿಯಾಗಿದ್ದರು. ಬೀದಿಗೆಲ್ಲ ಅವರು ಡಾಕ್ಟರಮ್ಮ. ಸೂಟ್‌ಕೇಸುಗಳಲ್ಲಿ, ಕಾಲುಚೀಲಗಳಲ್ಲಿ ತುಂಬಿ ಕದ್ದು ಸಾಗಿಸುವಾಗ ಸಿಕ್ಕಿದ ನಕ್ಷತ್ರ ಆಮೆಗಳಲ್ಲಿ ತೀರ ಎಳೆಯವನ್ನು ಅರಣ್ಯ ಇಲಾಖೆಯವರು ಅವರಿಗೆ ಒಪ್ಪಿಸುತ್ತಿದ್ದರು. ಚಿಪ್ಪು ಗಟ್ಟಿಯಾದ ಮೇಲೆ ಕುರುಚಲು ಕಾಡಿಗೆ ಬಿಡಲು ವಾಪಸ್ಸು ಒಯ್ಯುತ್ತಿದ್ದರು.

ನಾನು ಮೊದಲ ಸಲ ಮೆಟ್ಟಿಲು ಹತ್ತಿದ್ದು ಜಗಳಕ್ಕೆ. ನೆಲದ ಮೇಲೆ ಪೆಟ್ಟಿಗೆ ಎಳೆಯುವ ಸದ್ದು ಸರಿಯಾಗಿ ನನ್ನ ಪ್ರಾರ್ಥನೆಯ ಹೊತ್ತಿಗೆ ಶುರುವಾಗುತ್ತಿತ್ತು. ಬಾಗಿಲು ತೆರೆದವರು ನನ್ನ ದೂರನ್ನು ಅರ್ಧ ಕೇಳಿ ನನ್ನ ಕೈ ಹಿಡಿದು ಉಗುರುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನರ್ಸಾ?”

“ಹೌದು. ಆದ್ರೆ ನಾನು ಬಂದಿದ್ದು...”

“ಕೈ ತೊಳೆಯೋಕೆ ಬರೋರು ಈ ಬೀದೀಲಿ ನೀವೊಬ್ರೇ ಅನ್ಸುತ್ತೆ. ನಾಳೆ ಬನ್ನಿ. ಪೆಟ್ಟಿಗೆ ನೀವೇ ಎತ್ತಿಡಿ, ಸದ್ದಾಗಲ್ಲ.”

ಮರುದಿನ ಹೋದೆ. ಪಿಂಚಣಿಯವರಿಗೆ ಬೈಸಿಕೊಳ್ಳುವುದೂ ಒಂದು ಡ್ಯೂಟಿಯೇ.

ಅವರು ಕೊಟ್ಟ ಮೊದಲ ಕೆಲಸ ಹೊಸ ಮರಿಗಳಿಗೆ ಮನೆಯೊಳಗೆ ಒಂದು ಜಾಗ ಅಣಿಮಾಡುವುದು. ಮೂಲೆಯಲ್ಲಿ ಗಾಜಿನ ಹಳೆಯ ಮೀನಿನ ತೊಟ್ಟಿಯೊಂದಿತ್ತು. ನಾನು ಅದನ್ನು ತಿಕ್ಕಿ ಹೊಳೆಯಿಸಿ, ತಳಕ್ಕೆ ಬಿಳಿ ಬಟ್ಟೆ ಹಾಸಿ, ಸುಕ್ಕು ತೀಡಿ, ಅವರನ್ನು ಕರೆದೆ.

ಡಾಕ್ಟರಮ್ಮ ಬಗ್ಗಿ ನೋಡಿ, “ಬಾಣಂತಿ ಎಲ್ಲಿ?” ಅಂದರು.

ಆಮೇಲೆ ಆ ಬಟ್ಟೆಯನ್ನು ಎತ್ತಿ ಬಾಲ್ಕನಿಯಿಂದ ಹೊರಗೆ ಎಸೆದರು. ಅದು ಹೋಗಿ ಕೆಳಗೆ ನಾನೇ ಒಣಗಹಾಕಿದ್ದ ಸೀರೆಯ ಮೇಲೆ ಬಿತ್ತು.

ಗಾಜಿನಾಚೆ ದಾರಿ ಇದೆಯೆಂದು ನಂಬಿ ಮರಿ ಇಡೀ ದಿನ ಅದಕ್ಕೆ ಮೂತಿ ಉಜ್ಜುತ್ತದೆ. ಆದ್ದರಿಂದ ಮರದ ಹಲಗೆಯ ಪೆಟ್ಟಿಗೆಯೇ ಆಗಬೇಕು. ತಳಕ್ಕೆ ಮಣ್ಣು, ಮರಳು, ತೆಂಗಿನ ನಾರಿನ ಪುಡಿ ಬೆರೆಸಿ ನಾಲ್ಕು ಬೆರಳು ಹಾಸಬೇಕು. ಒಂದು ತುದಿಗೆ ಬಲ್ಬು, ಕೆಳಗೆ ಕಲ್ಲು. ಇನ್ನೊಂದು ತುದಿಗೆ ಒಡೆದ ಹೂಕುಂಡವನ್ನು ಬೋರಲು ಹಾಕಿ ನೆರಳು. ನೀರಿನ ತಟ್ಟೆ ಮಣ್ಣಿನ ಮಟ್ಟಕ್ಕೆ ಹೂತಿರಬೇಕು, ಮರಿಯ ಗದ್ದ ಮುಳುಗುವಷ್ಟು ಆಳ ಇರಬಾರದು. ಕಿಟಕಿಯ ಗಾಜು ದಾಟಿ ಬಂದ ಬಿಸಿಲು ಚಿಪ್ಪಿಗೆ ಉಪಯೋಗವಿಲ್ಲವಾದ್ದರಿಂದ ಬಿಸಿಲಿನ ಕೆಲಸ ಮಾಡುವ ಬೇರೆಯೇ ಒಂದು ಟ್ಯೂಬ್‌ಲೈಟ್ ಬೇಕು. ಇದೆಲ್ಲ ಒಂದೊಂದು ಬೈಗುಳದ ಜೊತೆ ನನ್ನ ತಲೆಗೆ ಇಳಿಯಿತು.

“ಒಂದು ಕಡೆ ಬಿಸಿ, ಒಂದು ಕಡೆ ತಂಪು. ಎಲ್ಲಿ ಕೂರ್ಬೇಕು ಅನ್ನೋದು ಅದರಿಷ್ಟ. ನಿಮಗೆ ಇದು ಅರ್ಥ ಆಗೋದು ಕಷ್ಟ. ಪೇಶೆಂಟಿನ ಇಷ್ಟ ಕೇಳಿದ ನರ್ಸನ್ನ ನಾನಂತೂ ನೋಡಿಲ್ಲ.”

ಪೆಟ್ಟಿಗೆ ಸರಿಯಾಗುವವರೆಗೆ ನನ್ನನ್ನು ಊಟಕ್ಕೆ ಬಿಡಲಿಲ್ಲ. ಅವರು ಮಾತ್ರ ನನ್ನೆದುರೇ ಕೂತು ಮೊಸರನ್ನ ಉಂಡರು.

ಅವರ ಕ್ರೌರ್ಯದಲ್ಲಿ ಪಕ್ಷಪಾತವಿರಲಿಲ್ಲ. ಭಾನುವಾರ ಸೇವೆ ಮಾಡುತ್ತೇನೆಂದು ಬಂದ ಯಾವುದೋ ಆಫೀಸಿನ ಹುಡುಗನೊಬ್ಬ ಮರಿಯನ್ನು ಅಂಗೈಯಲ್ಲಿಟ್ಟು, “ಗುರು, ಎಷ್ಟು ಕ್ಯೂಟಾಗಿದೆ ನೋಡೋ,” ಎಂದು ಗೆಳೆಯನಿಗೆ ಫೋನಿನಲ್ಲಿ ತೋರಿಸುತ್ತಿದ್ದ. ಡಾಕ್ಟರಮ್ಮ ಮರಿಯನ್ನು ಕಿತ್ತುಕೊಂಡು, “ನಿಮ್ಮಮ್ಮನೂ ನಿನ್ನ ಹಿಂಗೇ ಎತ್ತಿ ತೋರಿಸಿದ್ರಾ? ಅದಕ್ಕೇ ಹಿಂಗಾಗಿದೀಯ,” ಅಂದರು. ಅವನು ಮತ್ತೆ ಬರಲಿಲ್ಲ. ಉಳಿಯಲಾರದ ಮರಿಗಳಿಗೆ ಕೊನೆಯ ಇಂಜೆಕ್ಷನ್ನನ್ನು ತಾವೇ ಕೊಡುತ್ತಿದ್ದರು. “ಊಟಕ್ಕೆ ಮುಂಚೆ ಮುಗಿಸಿಬಿಡೋಣ,” ಅನ್ನುವರು. ಮುಗಿಸಿ ಕೈ ತೊಳೆದು ಚೆನ್ನಾಗಿ ಊಟ ಮಾಡುವರು. ಅದರಲ್ಲಿ ಅವರಿಗೆ ನೋವಿತ್ತು, ಒಳಗೇ ನುಂಗುತ್ತಿದ್ದರು ಎಂದೆಲ್ಲ ನಾನು ಬರೆಯುವುದಿಲ್ಲ. ನನಗೆ ಕಂಡದ್ದು ಹಸಿವು ಮಾತ್ರ.

ಆ ಮನೆಯಲ್ಲಿ ನಿಷೇಧವಾಗಿದ್ದ ಮಾತೊಂದಿತ್ತು: “ಸರಿಹೋಗುತ್ತೆ.” ನನ್ನ ವೃತ್ತಿಯೆಲ್ಲ ನಡೆದದ್ದೇ ಆ ಮಾತಿನ ಮೇಲೆ. ಕಾಲು ಕತ್ತರಿಸಲು ಒಯ್ಯುವವನಿಗೂ ಸ್ಟ್ರೆಚರ್ ತಳ್ಳುತ್ತ ಅದನ್ನೇ ಹೇಳಿದ್ದೇನೆ. ಒಂದು ಬೆಳಿಗ್ಗೆ ಕಣ್ಣು ಬಿಡದ ಮರಿಯೊಂದನ್ನು ಬೆಚ್ಚನೆಯ ನೀರಿನ ತಟ್ಟೆಯಲ್ಲಿ ಹಿಡಿದುಕೊಂಡು, ಅಭ್ಯಾಸಬಲದಿಂದ, “ಸರಿಹೋಗುತ್ತೆ, ಸರಿಹೋಗುತ್ತೆ,” ಎಂದು ಗೊಣಗಿದೆ.

“ಯಾರಿಗೆ ಹೇಳ್ತಿದೀರ? ಅದಕ್ಕಾ, ನಿಮಗಾ?” ಡಾಕ್ಟರಮ್ಮ ತಲೆ ಎತ್ತದೆಯೇ ಕೇಳಿದರು. “ಸರಿಹೋಗುತ್ತೆ ಅಂದೋರು ಆಮೇಲೆ ತಿರುಗಿ ಬಂದು ನೋಡಲ್ಲ. ಹೇಳಿದ್ರೆ ಮುಗೀತಲ್ಲ. ನನ್ನ ಮನೇಲಿ ಆ ಮಾತು ಬೇಡ.”

ಹಿಂದಿನ ಬೀದಿಯ ಓನರಮ್ಮ ಬಂದದ್ದು ಆ ಮಳೆಗಾಲದಲ್ಲಿ. ಅವರ ಕುಟುಂಬದ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಸಾಲಾಗಿ ಅವರದೇ ಬಾಡಿಗೆ ಮನೆಗಳಿವೆ. ಅಗಲ ಬಾಯಿಯ ಹಿತ್ತಾಳೆ ಉರುಳಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಮೆಟ್ಟಿಲು ಹತ್ತಿದ್ದರು. ಹಿಂದೆ ಬಸುರಿ ಸೊಸೆ. ಉರುಳಿಯಲ್ಲಿ ನೀರು, ನೀರಿನಲ್ಲಿ ಸೇವಂತಿಗೆ ಎಸಳು, ಎಸಳುಗಳ ನಡುವೆ ಒಂದು ನಕ್ಷತ್ರ ಆಮೆಯ ಮರಿ. ಚಿಪ್ಪಿನ ಮೇಲೆ ಅರಿಶಿನ ಕುಂಕುಮ. ಬಾಯಿ ತೆರೆದು ಕತ್ತು ಚಾಚಿ ಉಸಿರೆಳೆಯುತ್ತಿತ್ತು. ಮೂಗಿನಲ್ಲಿ ಗುಳ್ಳೆ.

ಏಳು ವರ್ಷ ಮಕ್ಕಳಾಗದಿದ್ದ ಸೊಸೆಗೆ, ಮನೆಯ ಉತ್ತರದ ಮೂಲೆಯಲ್ಲಿ ಆಮೆ ಇಡಿ ಎಂದು ಯಾರೋ ಹೇಳಿದ್ದರಂತೆ. ಇಟ್ಟರು. ಎರಡೇ ತಿಂಗಳಿಗೆ ಬಸುರು ನಿಂತಿತು. ಈಗ ಆಮೆ ಅನ್ನ ಬಿಟ್ಟಿದೆ.

“ಅನ್ನ ಹಾಕ್ತಿದ್ರಾ?” ಡಾಕ್ಟರಮ್ಮ ಕೇಳಿದರು.

“ಹೂ ಕಣಮ್ಮ. ಹಾಲನ್ನ. ಮಗೂನ್ ನೋಡ್ಕಂಡಂಗೆ ನೋಡ್ಕಂಡೀವ್ನಿ. ದಿನಾ ನೀರು ಬದಲಾಯಿಸ್ತೀನಿ.”

“ಇದು ಒಣನೆಲದ ಪ್ರಾಣಿ. ಈಜಕ್ಕೆ ಬರಲ್ಲ. ಇಷ್ಟು ದಿನ ನೀವು ಇದನ್ನ ಸಾಕ್ತಿರಲಿಲ್ಲ, ನಿಧಾನವಾಗಿ ಮುಳುಗಿಸ್ತಿದ್ರಿ. ಎದೇಲಿ ನೀರು ತುಂಬಿದೆ. ಉಳಿಯಲ್ಲ.”

ಓನರಮ್ಮ ಉರುಳಿಯನ್ನು ಕೆಳಗಿಟ್ಟರು. “ಹಂಗನ್ನಬೇಡಿ ತಾಯಿ. ಇದಕ್ಕೇನಾದ್ರೂ ಆದ್ರೆ ಅವಳ ಹೊಟ್ಟೇಲಿರೋದಕ್ಕೆ...”

“ಹೊಟ್ಟೇಲಿರೋದಕ್ಕೂ ಇದಕ್ಕೂ ಸಂಬಂಧ ಇಲ್ಲ. ಹುಟ್ಟಿದ ಮೇಲೆ ಅದನ್ನೂ ಉರುಳೀಲಿ ಇಡಬೇಡಿ, ಅಷ್ಟೆ.”

ಸೊಸೆ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅತ್ತಳೋ ನಕ್ಕಳೋ, ನನಗೆ ಗೊತ್ತಾಗಲಿಲ್ಲ. ಓನರಮ್ಮನಿಗೆ ಗೊತ್ತಾಗಿರಬೇಕು, ಅವರ ಮುಖ ಕಪ್ಪಿಟ್ಟಿತು.

ಅವರು ಹೋದ ಮೇಲೆ ನಾನು ಮರಿಗೆ ಬೇರೆ ಪೆಟ್ಟಿಗೆ ಹೂಡಿದೆ. ಕಾಯಿಲೆಯದನ್ನು ಉಳಿದವುಗಳ ಜೊತೆ ಇಡುವಂತಿರಲಿಲ್ಲ. ಮಣ್ಣಿನ ಬದಲು ಕಾಗದ ಹಾಸಿದೆ, ಕಲ್ಲು ಬೆಚ್ಚಗೆ ಮಾಡಿದೆ. ಕರೆಂಟು ಹೋದಾಗ ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಟ್ಟೆ. ಡಾಕ್ಟರಮ್ಮ ಔಷಧಿ ಚುಚ್ಚಿದರು, ನನ್ನನ್ನು ತಡೆಯಲಿಲ್ಲ, ಹುರಿದುಂಬಿಸಲೂ ಇಲ್ಲ. ಓನರಮ್ಮ ದಿನಾ ಫೋನ್ ಮಾಡುತ್ತಿದ್ದರು. ಡಾಕ್ಟರಮ್ಮ ಫೋನೆತ್ತಿ, “ಇವತ್ತು ಸತ್ತಿಲ್ಲ,” ಎಂದು ಇಡುತ್ತಿದ್ದರು. ನಾನೇ ಮಾತಾಡುತ್ತೇನೆ ಎಂದರೆ ಕೊಡುತ್ತಿರಲಿಲ್ಲ. “ನೀವು ಸುಳ್ಳು ಹೇಳ್ತೀರ. ಆಯಮ್ಮ ಅದನ್ನ ನಂಬ್ಕೊಂಡು ಇನ್ನೊಂದು ತರ್ತಾರೆ.”

ವಾರ ತುಂಬುವ ಮೊದಲೇ ಮರಿ ಸತ್ತಿತು. ಡಾಕ್ಟರಮ್ಮ ಓನರಮ್ಮನನ್ನು ಕರೆಸಿದರು. ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಮರಿಯನ್ನು ಅವರ ಅಂಗೈಯಲ್ಲಿಟ್ಟು, ಚಿಪ್ಪನ್ನು ಹೆಬ್ಬೆರಳಿಂದ ಒತ್ತಿ ನೋಡಿ ಅಂದರು. ಅದು ಹಪ್ಪಳದ ಹಸಿ ಹಿಟ್ಟಿನಂತೆ ತಗ್ಗಿತು. “ಬಿಸಿಲು ಕಾಣದಿದ್ರೆ ಹಿಂಗಾಗುತ್ತೆ,” ಎಂದು ಉರುಳಿಯನ್ನು ತೊಳೆದು ವಾಪಸ್ಸು ಕೊಟ್ಟರು. ಓನರಮ್ಮ ಅದನ್ನು ಕಂಕುಳಲ್ಲಿ ಇರುಕಿಕೊಂಡು ಇಳಿದು ಹೋದರು. ಅಂದಿನಿಂದ ನಮ್ಮನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ಮೊಮ್ಮಗಳು ಸುಖವಾಗಿ ಹುಟ್ಟಿದಾಗ ಬೀದಿಯ ಎಲ್ಲ ಮನೆಗಳಿಗೂ ಲಾಡು ಬಂತು, ನಮ್ಮ ಕಟ್ಟಡವೊಂದನ್ನು ಬಿಟ್ಟು.

ಚಿಪ್ಪು ಒತ್ತಿಸುವ ಅಗತ್ಯವಿರಲಿಲ್ಲ. ಹಾಗೆಂದು ಅವತ್ತೇ ಡಾಕ್ಟರಮ್ಮನಿಗೆ ಹೇಳಿದೆ. ಈಗಲೂ ಅದನ್ನೇ ಹೇಳುತ್ತೇನೆ.

“ಅಗತ್ಯ ಇರಲಿಲ್ಲ,” ಡಾಕ್ಟರಮ್ಮ ಒಪ್ಪಿದರು. “ಆದ್ರೆ ಆಯಮ್ಮ ಇನ್ನು ಮರೆಯಲ್ಲ.”

ಕಳೆದ ಚಳಿಗಾಲ ಅವರು ಮಲಗಿದರು. ಕೆಮ್ಮು ಎಂದು ಶುರುವಾದದ್ದು ನ್ಯುಮೋನಿಯಾ ಆಯಿತು. ಮರ್ಫಿ ಟೌನಿನಿಂದ ಅವರ ತಮ್ಮ ಬಂದು ಆಸ್ಪತ್ರೆಗೆ ಸೇರಿಸಿದರು. ನಾನು ಬೆಳಿಗ್ಗೆ ಮರಿಗಳ ಕೆಲಸ ಮುಗಿಸಿ, ಸ್ನಾನ ಮಾಡಿ, ನೋಡಲು ಹೋಗುತ್ತಿದ್ದೆ. ಒಂದು ದಿನ ಮಂಚದ ಕಾಲ ಬಳಿ ತೂಗುಹಾಕಿದ್ದ ಚಾರ್ಟು ಓದಿದೆ. ಅದನ್ನು ಓದಲು ನನಗೆ ಗೊತ್ತಿರಬಾರದಿತ್ತು ಅನ್ನಿಸಿತು.

ಅಂದು ಅವರಿಗೆ ಎಚ್ಚರವಿತ್ತು. ಉಸಿರಿಗೆ ಕತ್ತು ಚಾಚುತ್ತಿದ್ದರು.

“ಎರಡು ದಿನ ಅಷ್ಟೇ ಅಕ್ಕ, ಮನೆಗೆ ಕರ್ಕೊಂಡು ಹೋಗ್ತೀನಿ,” ತಮ್ಮ ಹೇಳುತ್ತಿದ್ದರು. “ಡಾಕ್ಟ್ರೂ ಹೇಳಿದಾರೆ. ಎಲ್ಲಾ ಸರಿಹೋಗುತ್ತೆ.”

ಡಾಕ್ಟರಮ್ಮ ತಮ್ಮನನ್ನು ಬಿಟ್ಟು ನನ್ನತ್ತ ನೋಡಿದರು. ಆಕ್ಸಿಜನ್ ಮಾಸ್ಕನ್ನು ಬೆರಳಿಂದ ಸರಿಸಿದರು.

“ಸಿಸ್ಟರ್. ನೀವು ಹೇಳಿ.”

ಆ ಕೋಣೆಯಲ್ಲಿ ಅವರಿಗೆ ಬೇಕಾಗಿದ್ದದ್ದು ಒಂದೇ, ಅದನ್ನು ಕೊಡಬಲ್ಲವಳು ನಾನೊಬ್ಬಳೇ. ಅವರ ಎಡಗೈ ಹಿಡಿದೆ. ಕಂದು ಕಲೆಯ ಮೇಲೆಯೇ ಡ್ರಿಪ್ಪಿನ ಪಟ್ಟಿ ಅಂಟಿಸಿದ್ದರು. ವೃತ್ತಿಯುದ್ದಕ್ಕೂ ಹೇಳಿದ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತು. ಅದನ್ನು ನುಂಗಿದೆ.

“ಉಳಿಯಲ್ಲ, ಡಾಕ್ಟರಮ್ಮ.”

ತಮ್ಮ ಎದ್ದು ನಿಂತರು. “ನೀವೇನು ಮನುಷ್ಯರೇನ್ರೀ? ಹೊರಗೆ ನಡೀರಿ!”

ಡಾಕ್ಟರಮ್ಮ ಕಣ್ಣು ಮುಚ್ಚಿಕೊಂಡರು. ಆಮೇಲೆ, ಉಸಿರು ಕೂಡಿಸಿಕೊಂಡು, “ಇಷ್ಟು ಹೊತ್ತು ಬೇಕಾಯ್ತಾ ಹೇಳೋಕೆ?” ಅಂದರು. ಇನ್ನೊಂದು ಉಸಿರಿಗೆ, “ಹೋಗಿ. ಮರಿಗಳಿಗೆ ಸೊಪ್ಪು ಹಾಕೋ ಹೊತ್ತು. ಇಲ್ಲಿ ನಿಮ್ಮದೇನು ಕೆಲಸ?”

ಹೋದೆ. ಹೇಳಿದ ಕೆಲಸಕ್ಕೆ ಹೋಗುವುದೇ ನನಗೆ ಕಲಿಸಿದ ರೀತಿ. ದಾಸವಾಳದ ಎಲೆ, ಹೊನಗೊನೆ ಸೊಪ್ಪು ಸಣ್ಣಗೆ ಹೆಚ್ಚಿ ಹಾಕುತ್ತಿದ್ದಾಗ ಫೋನು ಬಂತು. ಮಾತಾಡಿ, ಉಳಿದ ಸೊಪ್ಪನ್ನೂ ಹಾಕಿ, ಕೈ ತೊಳೆದುಕೊಂಡೆ.

ಹದಿಮೂರನೆಯ ದಿನ ಕಳೆದ ಮೇಲೆ ಓನರಮ್ಮ ನಮ್ಮ ಗೇಟಿನ ಬಳಿ ನಿಂತಿದ್ದರು. ಸೊಂಟದ ಮೇಲೆ ಮೊಮ್ಮಗಳು, ಗುಂಡುಗುಂಡಾಗಿ, ಬಾಯಲ್ಲಿ ಬೆರಳು. ಉರುಳಿ ವಾಪಸ್ಸು ಒಯ್ದ ಮೇಲೆ ಮೊದಲ ಸಲ ರಸ್ತೆಯ ಈಚೆ ಬದಿಗೆ ದಾಟಿ ಬಂದಿದ್ದರು.

“ಎದೇಲಿ ನೀರು ತುಂಬ್ಕಂಡಿತ್ತಂತೆ?” ಓನರಮ್ಮ ಕೇಳಿದರು.

ಇಲ್ಲ, ನಿದ್ದೆಯಲ್ಲೇ ಹೋದರು ಎನ್ನಬಹುದಿತ್ತು.

“ಹೌದು,” ಅಂದೆ.

“ಕಷ್ಟಪಟ್ರಾ?”

“ಪಟ್ಟರು.”

ಓನರಮ್ಮ ಮಗುವನ್ನು ಇನ್ನೊಂದು ಸೊಂಟಕ್ಕೆ ಬದಲಾಯಿಸಿಕೊಂಡರು. “ದೇವರಿದಾನೆ, ಲೆಕ್ಕ ಇಟ್ಕಂಡಿರ್ತಾನೆ,” ಎಂದು ಹೇಳಿ, ನೆಟ್ಟಗೆ ನಡೆದು ಹೋದರು.

ಡಾಕ್ಟರಮ್ಮ ಕೇಳಿಸಿಕೊಂಡಿದ್ದರೆ ಆ ಮಾತನ್ನು ಮೆಚ್ಚುತ್ತಿದ್ದರು. ಬೆಣ್ಣೆ ಹಚ್ಚದ ಮಾತು, ಓನರಮ್ಮ ಅವರಿಂದಲೇ ಕಲಿತದ್ದು. ನಾನು ಮೇಲೆ ಹೋಗಿ ಬಲ್ಬು ಹಾಕಿದೆ. ಕಲ್ಲು ಕಾಯುವವರೆಗೆ ಕಾದು ಮುಂಗೈ ಒತ್ತಿದೆ. ತಡೆಯಲಾಗಲಿಲ್ಲ. ಸರಪಳಿಯನ್ನು ಒಂದು ಕೊಂಡಿ ಮೇಲೆತ್ತಿ, ಮತ್ತೆ ಒತ್ತಿದೆ.