ಸಾವಿರದ ತಂಗಿ, ಸೊನ್ನೆಯ ಅಕ್ಕ

ಪರದೇಶದ ಈ ದಿ ಪಾಂಡ್ಸ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಬಸಕ್ಕನಿಗೆ ತಂಗಿ ಶ್ರೀದೇವಿಯನ್ನು ಕಂಡರೆ ಹೊಟ್ಟೆಕಿಚ್ಚು. ನಾನು ಮುಚ್ಚಿಟ್ಟು ಪ್ರಯೋಜನವಿಲ್ಲ, ಆಕೆಯೇ ಹೇಳಿಕೊಂಡು ಓಡಾಡುತ್ತಾಳೆ. ಧಾರವಾಡದ ಈ ಅಕ್ಕತಂಗಿಯರನ್ನು ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟರು. ಹಾಗಾಗಿ ತವರಿನಲ್ಲೂ ಹೋಲಿಕೆ, ಅತ್ತೆಮನೆಯಲ್ಲೂ ಹೋಲಿಕೆ. ಇಲ್ಲೇ ಕಾಯಂ ಆಗಿ ನೆಲೆಸುವ ಪರವಾನಗಿ, ಪಿಆರ್, ತಂಗಿಗೇ ಮೊದಲು ಬಂತು. ಪ್ಯಾರಮಟ್ಟಾದ ವೃದ್ಧಾಶ್ರಮದಲ್ಲಿ ತಂಗಿ ನರ್ಸ್, ಅಕ್ಕ ಅವಳ ಕೈಕೆಳಗೆ ಮುದುಕರ ಆರೈಕೆ ಮಾಡುವವಳು.

ಕೆಲಸಕ್ಕೆ ಸೇರುವಾಗ ಇಬ್ಬರೂ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡರು. ರಕ್ತಪರೀಕ್ಷೆಯಲ್ಲಿ ಆಂಟಿಬಾಡಿ ಹತ್ತು ದಾಟಿದರೆ ರಕ್ಷಣೆ ಸಿಕ್ಕಂತೆ. ಶ್ರೀದೇವಿಯದು ಸಾವಿರ ದಾಟಿತು, ಬಸಕ್ಕನದು ಸೊನ್ನೆ. ಸೋಮವಾರದ ಒಪ್ಪತ್ತಿನ ದಿನ ಚುಚ್ಚಿಸಿಕೊಂಡದ್ದೇ ತಪ್ಪಾಯಿತೆಂದು ಎರಡನೇ ಸುತ್ತಿನ ಮೂರೂ ಡೋಸಿಗೆ ಹೊಟ್ಟೆ ತುಂಬ ರೊಟ್ಟಿ-ಝುಣಕ ತಿಂದು ಹೋದಳು. ಮತ್ತೆ ಸೊನ್ನೆ.

"ಊಟಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ," ಎಂದರು ಡಾಕ್ಟರ್ ಮೂರ್ತಿ. "ವೈರಸ್ಸಿನ ಗುರುತು ದೇಹಕ್ಕೆ ಹಿಡಿದುಕೊಡೋ ಜೀನ್‌ಗಳು ಒಬ್ಬೊಬ್ಬರಲ್ಲಿ ಒಂದೊಂದು ಥರ. ಕೆಲವರಿಗೆ ಈ ಲಸಿಕೆ ಹತ್ತೋದೇ ಇಲ್ಲ. ಸೂಜಿ ಏನಾದ್ರೂ ಚುಚ್ಚಿದ್ರೆ ತಕ್ಷಣ ಹೇಳಿ, ರೆಡಿ ಆಂಟಿಬಾಡಿ ಇಂಜೆಕ್ಷನ್ ಕೊಡ್ತಾರೆ."

"ನಾವಿಬ್ರೂ ಒಂದ ತಾಯಿ ಮಕ್ಕಳಲ್ರೀ?"

"ಅಕ್ಕತಂಗಿಯರಿಗೂ ಬೇರೆ ಬೇರೆ ಬಂದಿರಬಹುದು."

ಅಂದರೆ ಹೊಟ್ಟೆಯೊಳಗೆ ಪಾಲು ಮಾಡುವಾಗಲೂ ಅವ್ವ ಒಳ್ಳೆಯದನ್ನು ಕಿರಿಯವಳಿಗೇ ಎತ್ತಿಟ್ಟಿದ್ದಾಳೆ! ಬಸಕ್ಕ ಆ ರಿಪೋರ್ಟನ್ನು ಯಾರಿಗೂ ತೋರಿಸಲಿಲ್ಲ. ಕೆಲಸದ ಜಾಗಕ್ಕೆ ಲಸಿಕೆ ಹಾಕಿಸಿದ ಕಾಗದವನ್ನಷ್ಟೇ ಕೊಟ್ಟಳು.

ಮೊನ್ನೆ ಹೆಪಟೈಟಿಸ್ ಬಿ ಇದ್ದ ಅಜ್ಜನೊಬ್ಬನ ಹಾಸಿಗೆ ಸರಿಮಾಡುವಾಗ, ಅಲ್ಲೇ ಬಿದ್ದಿದ್ದ ಅವನ ಇನ್ಸುಲಿನ್ ಸೂಜಿ ಬಸಕ್ಕನ ಬೆರಳಿಗೆ ನಾಟಿತು. ರಕ್ತ ಬಂತು. ಶ್ರೀದೇವಿ ಓಡಿಬಂದು ಅಕ್ಕನ ಕೈಯನ್ನು ನಲ್ಲಿಯ ಕೆಳಗೆ ಹಿಡಿದಳು.

"ಅಕ್ಕಾ, ನಿನ್ನ ಆಂಟಿಬಾಡಿ ಎಷ್ಟ ಬಂದಿತ್ತು?"

"ನಿನ್ನಷ್ಟ."

"ಹಂಗಾರ ಚಿಂತಿಲ್ಲ ಬಿಡು."

ಶ್ರೀದೇವಿ ಫಾರಂ ತೆಗೆದು, ರಕ್ಷಣೆ ಇದೆ ಎಂದು ಬರೆದಳು. ಅವಳು ಸಹಿ ಹಾಕಿದರೆ ಇಂಜೆಕ್ಷನ್ನಿನ ಮಾತೇ ಇಲ್ಲ. ಹೇಳಿದರೆ ತಂಗಿಯ ಮುಂದೆ ಮಾನ ಹೋಗುತ್ತದೆ, ಹೇಳದಿದ್ದರೆ ಜೀವಕ್ಕೇ ಸಂಚಕಾರ. ಸಹಿ ಮುಗಿಯುತ್ತಿದ್ದಂತೆ ಬಸಕ್ಕ ಫಾರಂ ಮೇಲೆ ಕೈಯಿಟ್ಟಳು.

"ಸುಳ್ಳ ಹೇಳೀನಿ. ನಂದು ಸೊನ್ನಿ. ಎರಡೂ ಸಲ ಸೊನ್ನಿ."

ಶ್ರೀದೇವಿ ಬರೆದದ್ದನ್ನು ಹೊಡೆದುಹಾಕಿದಳು. "ಇಷ್ಟಕ್ಕ ಸಾಯಾಕ ಹೊಂಟಿದ್ದೇನ, ಹುಚ್ಚಿ?" ಎನ್ನುತ್ತಲೇ ಆಸ್ಪತ್ರೆಗೆ ಫೋನ್ ಮಾಡಿದಳು. ದಾರಿಯುದ್ದಕ್ಕೂ ಕಾರು ನಡೆಸುತ್ತಲೇ ಗಳಗಳ ಅತ್ತಳು.

ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಸಿಕ್ಕಿತು. ಮರುದಿನ ಬೇಲಿಯಾಚೆಯಿಂದ ಬಸಕ್ಕ ನನಗೆ ಹೇಳಿದ್ದಿಷ್ಟು: "ಬೆರಳು ನಂದು, ಜೀವಾ ನಂದು. ಅಳೋದ್ರಾಗೂ ಆಕಿನ ಮುಂದ ನೋಡ್ರೀ!"