ತುಕ್ಕಿನ ಮೇಲೆ ಬಳಿದ ಬಣ್ಣ

ಅವತ್ತು ಬೆಳಿಗ್ಗೆ ಮಾಡಿದ್ದು: ಎರಡು ಕೆಜಿ ಅವರೆಕಾಯಿ ಸುಲಿದು ಕಾಳು ನೆನೆಹಾಕಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿದೆ. ಮಾರನೇ ದಿನದ ಪೂಜೆಗೆ ಹಣ್ಣುಕಾಯಿ ತಂದಿಟ್ಟೆ. ಗೇಟಿಗೆ ಬಳಿದು ಮಿಕ್ಕಿದ್ದ ಕಪ್ಪು ಬಣ್ಣವನ್ನು ಮಾವನವರ ಹಳೇ ಕಾರಿನ ಬಾನೆಟ್ಟಿನೊಳಗೆ ತುಕ್ಕು ಕಂಡಲ್ಲೆಲ್ಲ ಹಚ್ಚಿದೆ. ದೇವರ ಮುಂದೆ ನಿಲ್ಲಿಸುವ ಗಾಡಿಯಲ್ಲಿ ತುಕ್ಕು ಕಾಣಬಾರದು ಎನ್ನುವುದು ನಮ್ಮ ಮನೆಯ ವಾಡಿಕೆ.

ಹಾಸನದಿಂದ ಅರಕಲಗೂಡಿನ ಮೇಲೆ ರಾಮನಾಥಪುರದ ದೇವಸ್ಥಾನಕ್ಕೆ ಪೂಜೆಗೆ ಅದೇ ಕಾರಿನಲ್ಲಿ ಹೋಗಿಬರಬೇಕೆಂದು ಅತ್ತೆಗೆ ಆಸೆ. ಅವರು ಕೂರುವುದು ಯಾವಾಗಲೂ ಹಿಂದಿನ ಸೀಟಿನಲ್ಲಿ. ಬ್ಯಾಟರಿ ಇರುವುದು ಆ ಸೀಟಿನ ಕೆಳಗೆ.

ಬ್ಯಾಟರಿ ತುಂಬುವ ಜನರೇಟರಿನ ಕರೆಂಟನ್ನು ಅಂಕೆಯಲ್ಲಿಡುವ ರೆಗ್ಯುಲೇಟರ್ ಕೆಟ್ಟು ವರ್ಷವಾಗಿತ್ತು. ಹೊಳೆನರಸೀಪುರ, ಚನ್ನರಾಯಪಟ್ಟಣದ ಗುಜರಿ ಅಂಗಡಿಗಳಲ್ಲೂ ಸಿಗಲಿಲ್ಲ. ಟಿವಿ ರಿಪೇರಿ ಮಾಡುವ ನಮ್ಮ ಯಜಮಾನರು ಹಳೇ ರೆಗ್ಯುಲೇಟರಿನ ಡಬ್ಬಿಯೊಳಗೇ ಟ್ರಾನ್ಸಿಸ್ಟರುಗಳನ್ನು ಕೂರಿಸಿ ತಾವೇ ಒಂದನ್ನು ಕಟ್ಟಿದರು. ನಾಲ್ಕು ದಿನ ಮೇಜಿನ ಮೇಲೆ ಮೋಟಾರಿನಿಂದ ಜನರೇಟರ್ ತಿರುಗಿಸಿ ನೋಡಿದರು. ಮೀಟರ್ ಹದಿನಾಲ್ಕು ವೋಲ್ಟ್ ದಾಟಲಿಲ್ಲ. ದಾಟಿದರೆ ಬ್ಯಾಟರಿ ಬೇಯುತ್ತದೆ ಎಂದಿದ್ದರು.

ಅವತ್ತು ಮಧ್ಯಾಹ್ನ ಡಬ್ಬಿಯನ್ನು ಬಾನೆಟ್ಟಿನೊಳಗೆ ಬಿಗಿದು, ಓಡಿಸಿ ನೋಡಲು ನಾವಿಬ್ಬರೂ ಸಾಲಗಾಮೆ ಕಡೆಗೆ ಹೊರಟೆವು. ನಾನು ಮೀಟರ್ ಹಿಡಿದು ಹಿಂದೆ ಕೂತಿದ್ದೆ. ಊರು ದಾಟುತ್ತಲೇ ಹಾರ್ನಿನ ಕೂಗು ಯಾವತ್ತಿಗಿಂತ ಚೂಪಾಯಿತು. ಸೀಟಿನ ಕೆಳಗೆ ಎಸರು ಕುದಿಯುವಂಥ ಸದ್ದು. ಗಂಟಲು ಕೆರೆಯುವ ವಾಸನೆ.

“ಎಷ್ಟೈತೆ, ಓದು.”

“ಹದಿನಾರು. ಈಗ ಹದಿನೇಳು ಕಣ್ರೀ.”

ಅವರು ಗಾಡಿ ನಿಲ್ಲಿಸಿ ನನ್ನನ್ನು ಇಳಿಸಿದರು. ಸೀಟು ಎತ್ತಿದರೆ ಬ್ಯಾಟರಿಯ ಮುಚ್ಚಳಗಳೆಲ್ಲ ಒದ್ದೆ, ಕೈ ಇಡಲಾಗದಷ್ಟು ಬಿಸಿ.

“ಟೇಬಲ್ ಮ್ಯಾಲೆ ಸಾಧು ಅಸ ಇದ್ದಂಗಿತ್ತು. ರೋಡಿಗೆ ಬಂದೇಟ್ಗೆ ದೆವ್ವ ಒಕ್ಕೊಂಡದೆ,” ಎನ್ನುತ್ತ ಬಾನೆಟ್ಟಿನೊಳಗಿನ ಡಬ್ಬಿ ಬಿಚ್ಚಿದರು. ಅದರ ಹಿಂದಿನ ತಗಡು ಕಪ್ಪಗೆ ಮಿರುಗುತ್ತಿತ್ತು.

“ಇಲ್ಲಿ ಬಣ್ಣ ಬಳ್ದೋರು ಯಾರು?”

“ನಾನೇ. ಪೂಜೆಗೆ ಓಗೋ ಗಾಡಿ ಅಲ್ವಾ.”

ಅವರು ಬೈಯಲಿಲ್ಲ. “ಡಬ್ಬಿಗೆ ಬರೀ ತಗಡು ತಾಕ್ಬೇಕು ಕಣೆ. ಮಧ್ಯ ಬಣ್ಣ ಬಂದ್ರೆ ಅದ್ರ ಕಣ್ ಕಟ್ದಂಗೆ. ವೋಲ್ಟೇಜ್ ಕಮ್ಮಿ ಐತೆ ಅಂದ್ಕೊಂಡು ಕರೆಂಟ್ ಬುಡ್ತಾನೇ ಇರ್ತದೆ. ಇನ್ನೆರಡು ಮೈಲಿ ಓಗಿದ್ರೆ ಬ್ಯಾಟ್ರಿ ಒಡೀತಿತ್ತು.”

ಆ ಸೀಟಿನಲ್ಲಿ ಅತ್ತೆ ಕೂತಿದ್ದರೆ ಎಂದುಕೊಂಡೆ. ಹಿಡಿದೆತ್ತದೆ ಅವರು ಏಳಲಾರರು.

ಸ್ಕ್ರೂಡ್ರೈವರಿನಿಂದ ಬಣ್ಣ ಕೆರೆದು, ಬ್ಯಾಟರಿ ಆರುವವರೆಗೆ ಕಾದು, ಡಬ್ಬಿ ಬಿಗಿದರು. ಮನೆಗೆ ಬರುವ ತನಕ ಮೀಟರ್ ಹದಿನಾಲ್ಕರಲ್ಲೇ ನಿಂತಿತ್ತು. ಆದರೆ ಬ್ಯಾಟರಿಯ ಒಂದು ಪಕ್ಕ ಉಬ್ಬಿದಂತೆ ನನಗೆ ಕಂಡಿತು. “ಅದು ಮೊದ್ಲಿಂದ್ಲೂ ಅಂಗೇ ಐತೆ,” ಎಂದರು, ನನ್ನ ಮುಖ ನೋಡದೆ.

ಊಟಕ್ಕೆ ಕೂತಾಗ ಅತ್ತೆ ಕೇಳಿದರು, “ಏನ್ಲಾ ಮಗ, ನಿಮ್ಮಪ್ಪನ ಗಾಡಿ ಸರಿ ಓಯ್ತಾ?”

“ಊಂ ಕಣವ್ವ.”

“ಅತ್ತೆ, ನಾಳೆ ನೀವು ಮುಂದೆ ಕೂತ್ಕಳಿ. ಹಿಂದೆ ನಾನು ಕೂರ್ತೀನಿ,” ಎಂದೆ.

“ನಿಮ್ಮಾವ ಒಂದಿನಾನೂ ಮುಂದೆ ಕೂರಿಸ್ಲಿಲ್ಲ. ನೀನಾದ್ರೂ ಕೂರ್ಸು,” ಎಂದು ಅತ್ತೆ ನಕ್ಕರು. ಯಜಮಾನರು ಒಮ್ಮೆ ನನ್ನ ಕಡೆ ನೋಡಿ ಮುದ್ದೆ ಮುರಿದರು.

ಹಿತಕಿದ ಬೇಳೆ ಸಾರು, ರಾಗಿಮುದ್ದೆ, ಮಜ್ಜಿಗೆ. ಅತ್ತೆ ಇನ್ನರ್ಧ ಮುದ್ದೆ ಹಾಕಿಸಿಕೊಂಡು ಉಂಡು, ಎಲ್ಲರಿಗಿಂತ ಮೊದಲು ಮಲಗಿದರು.